ಐದೂ ಇಪ್ಪತ್ತಕ್ಕೆ ಏಳುವ ಮಗು: ಒಂದು ಕಿಟಕಿ ಪರದೆಯ ಪ್ರಕರಣ

ಕಳೆದ ವರ್ಷದ ಮೇ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ನಾನಿನ್ನೂ ಎಸೆದಿಲ್ಲ. ದೊಡ್ಡ ಅಂಕಿಗಳ ಅದೇ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಚೌಕದೊಳಗೆ ಹಾಲಿನ ಲೆಕ್ಕ ಬರೆಯುವುದು ನಮ್ಮ ಮನೆಯ ಹಳೇ ಅಭ್ಯಾಸ. ಆ ಹಾಳೆಯಲ್ಲಿ ಮಾತ್ರ ಹಾಲಿನ ಲೆಕ್ಕದ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಅಂಕಿ ಇದೆ. 5.20. 5.15. 5.25. 5.10. ಮಗಳು ಬೆಳಿಗ್ಗೆ ಎದ್ದ ಹೊತ್ತು ಅದು.

ಆಗ ಅವಳಿಗೆ 14 ತಿಂಗಳು. ಏಳುವುದೆಂದರೆ ಸುಮ್ನೆ ಕಣ್ಣು ಬಿಟ್ಟು ಆಡಿಕೊಂಡಿರುವುದಲ್ಲ. ಎದ್ದು ಕೂತು, ಕಣ್ಣುಜ್ಜಿಕೊಂಡು, ರಾಗ ತೆಗೆಯುವುದು. ನಿದ್ದೆ ಮುಗಿದಿರುತ್ತಿರಲಿಲ್ಲ, ಮತ್ತೆ ಬರುತ್ತಲೂ ಇರಲಿಲ್ಲ. ಏಳಕ್ಕೆ ಆಕಳಿಕೆ, ಎಂಟಕ್ಕೆ ಇಡ್ಲಿ ತಟ್ಟೆ ನೆಲದ ಮೇಲೆ, ಒಂಬತ್ತಕ್ಕೆ ನನ್ನ ಸೊಂಟದ ಮೇಲೇ ತೂಕಡಿಕೆ.

ನಮ್ಮದು ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಒಂದು ಹಾಲ್, ಒಂದು ಮಲಗುವ ಕೋಣೆ, ಅಡುಗೆಮನೆ. ನಾನು ಮನೆಯಿಂದಲೇ ಮೂರು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಇವರದ್ದು ರಾತ್ರಿ ಪಾಳಿ. ಸಂಜೆ 6ಕ್ಕೆ ಕ್ಯಾಬ್ ಬರುತ್ತದೆ, ಬೆಳಗಿನ ಜಾವ 4ರ ಸುಮಾರಿಗೆ ವಾಪಸ್ ತಂದು ಬಿಡುತ್ತದೆ. ಅವರು ದಿಂಬಿಗೆ ತಲೆ ಇಟ್ಟು ಒಂದು ಗಂಟೆಗೆ ಮಗಳು ಏಳುತ್ತಾಳೆ. ಇರುವ ಒಂದೇ ಕೋಣೆಯಲ್ಲಿ ಒಬ್ಬರಿಗೆ ರಾತ್ರಿ ಶುರುವಾಗುವಾಗ ಇನ್ನೊಬ್ಬರಿಗೆ ಬೆಳಗಾಗುತ್ತಿತ್ತು. ತಿಪಟೂರಿನಿಂದ ಅತ್ತೆ ಬಂದು ನಮ್ಮ ಜೊತೆ ಇದ್ದರು, ಹಾಲ್‌ನಲ್ಲಿ ಮಲಗುತ್ತಿದ್ದರು. ಅವರಿಲ್ಲದಿದ್ದರೆ ಆ ಬೇಸಿಗೆ ಕಳೆಯುತ್ತಿರಲಿಲ್ಲ. ಅವರು ಇದ್ದಿದ್ದರಿಂದಲೇ ಒಂದು ಜಗಳವೂ ಆಯಿತು, ಅದು ಆಮೇಲೆ.

ಮೇ ಎರಡನೇ ವಾರ ಒಂದು ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಅಡುಗೆಮನೆ ಕಟ್ಟೆಗೆ ಒರಗಿದೆ. ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ, ಬತ್ತಿದ್ದೂ ಗೊತ್ತಾಗಲಿಲ್ಲ. ಸೀದ ವಾಸನೆಗೆ ಅತ್ತೆ ಓಡಿ ಬಂದು ಗ್ಯಾಸ್ ಆಫ್ ಮಾಡಿದಾಗ ನಾನು ನಿಂತೇ ನಿದ್ದೆ ಮಾಡುತ್ತಿದ್ದೆ. ಪಾತ್ರೆ ತಳ ಕರ್ರಗೆ. ಅತ್ತೆ ಬೈಯಲಿಲ್ಲ. "ಹೋಗು, ಒಂದ್ ಗಂಟೆ ಬಿದ್ಕೋ, ಮಗೂನ ನಾನ್ ನೋಡ್ಕೋತೀನಿ" ಅಂದರು. ಬೈದಿದ್ದರೇ ಚೆನ್ನಾಗಿತ್ತೇನೋ. ಅವತ್ತು ಹೆದರಿಕೆಯಾಯಿತು. ಬೆಂಕಿ, ಗ್ಯಾಸು, ಮನೆಯಲ್ಲಿ ಮಗು.

ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಬೇರೆಯೇ: ಗೊರಕೆ ಹೊಡೆಯುತ್ತಾಳಾ, ಬಾಯಲ್ಲಿ ಉಸಿರಾಡುತ್ತಾಳಾ, ರಾತ್ರಿ ಕಾಲು ಝಾಡಿಸುತ್ತಾಳಾ. ಕಬ್ಬಿಣದ ಅಂಶ ಕಮ್ಮಿಯಾದರೂ ಮಕ್ಕಳ ನಿದ್ದೆ ಕೆಡುತ್ತದಂತೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಇತ್ತು. ಆಮೇಲೆ ಲೆಕ್ಕ ಹಾಕಿಸಿದರು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದೂ ಅದೇ ಅಂಕಿ. ನಮ್ಮವಳು ಮಲಗುತ್ತಿದ್ದದ್ದು ರಾತ್ರಿ 9.45ಕ್ಕೆ, ಏಳುತ್ತಿದ್ದದ್ದು 5.15ಕ್ಕೆ. ಏಳೂವರೆ ಗಂಟೆ. ಹಗಲು ಒಂದು ಗಂಟೆ ಚಿಲ್ಲರೆ. ಒಟ್ಟು ಒಂಬತ್ತು ಗಂಟೆಯೂ ಇಲ್ಲ. ಲೆಕ್ಕ ಬರೆಯುವುದೇ ನನ್ನ ಕೆಲಸ, ಆದರೂ ಈ ಕೂಡುವ ಲೆಕ್ಕ ನಾನು ಒಂದು ದಿನವೂ ಮಾಡಿರಲಿಲ್ಲ.

"ಫೆಬ್ರವರಿಯಲ್ಲಿ ಎಷ್ಟು ಹೊತ್ತಿಗೆ ಏಳ್ತಿದ್ಲು?" ಅಂತ ಕೇಳಿದರು. ಆರೂವರೆ. "ಏಪ್ರಿಲ್‌ನಲ್ಲಿ?" ಆರಕ್ಕೆ ಸ್ವಲ್ಪ ಮುಂಚೆ. ಅವರು ನಕ್ಕು, "ಸೂರ್ಯನ ಜೊತೆ ಏಳ್ತಿದ್ದಾಳೆ" ಅಂದರು.

ಅದು ಹೊಳೆದಿರಲಿಲ್ಲ. ಬೆಂಗಳೂರಿನಲ್ಲಿ ಹಗಲಿನ ಉದ್ದ ವರ್ಷವಿಡೀ ಅಷ್ಟೇನೂ ಬದಲಾಗುವುದಿಲ್ಲ. ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಕಮ್ಮಿ, ಅತಿ ಚಿಕ್ಕದು ಹನ್ನೊಂದೂಕಾಲು ಗಂಟೆ ದಾಟುತ್ತದೆ. ಆದರೂ ಫೆಬ್ರವರಿ ಶುರುವಿನಲ್ಲಿ ಆರೂಮುಕ್ಕಾಲಿಗೆ ಹುಟ್ಟುವ ಸೂರ್ಯ ಮೇ ಕೊನೆಗೆ ಆರಕ್ಕೆ ಮುಂಚೆಯೇ ಹುಟ್ಟುತ್ತಾನೆ. ಅದಕ್ಕೂ ಇಪ್ಪತ್ತು ಇಪ್ಪತ್ತೈದು ನಿಮಿಷ ಮೊದಲೇ ಆಕಾಶ ಬೆಳ್ಳಗಾಗಿರುತ್ತದೆ. ನಮ್ಮ ಕೋಣೆಯ ಕಿಟಕಿ ಇರುವುದು ಪೂರ್ವಕ್ಕೆ. ಮನೆ ನೋಡಲು ಬಂದಾಗ "ಒಳ್ಳೇ ಗಾಳಿ ಬೆಳಕು" ಅಂತ ಖುಷಿಪಟ್ಟ ಅದೇ ಕಿಟಕಿ.

ಎಡಿನ್‌ಬರ್ಗ್‌ನಲ್ಲಿರುವ ಚಿಕ್ಕಮ್ಮನ ಮಗಳಿಗೆ ಫೋನ್ ಮಾಡಿದಾಗ ಅವಳು ನಕ್ಕಳು. ಅವಳ ಊರಲ್ಲಿ ಜೂನ್ ಮೂರನೇ ವಾರ ರಾತ್ರಿ 10ಕ್ಕೆ ಸೂರ್ಯ ಮುಳುಗಿ ಬೆಳಿಗ್ಗೆ ನಾಲ್ಕೂವರೆಗೆ ಮತ್ತೆ ಬರುತ್ತಾನೆ. "ನಾವಿಲ್ಲಿ ತೊಟ್ಟಿಲಿಗಿಂತ ಮುಂಚೆ ಬ್ಲ್ಯಾಕೌಟ್ ಪರದೆ ತಗೊಂಡ್ವಿ ಕಣೇ" ಅಂದಳು. ನಮ್ಮ ಕಡೆ ಅದೊಂದು ವಿಷಯ ಅಂತಲೇ ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ?

ರಾತ್ರಿ ಒಂದಕ್ಕೆ ಹಾಲಿನ ಲೆಕ್ಕ

ಕೋಣೆ ಎಷ್ಟು ಕತ್ತಲಿದೆ ಅಂತ ದೀಪ ಆರಿಸಿದ ತಕ್ಷಣ ಗೊತ್ತಾಗುವುದಿಲ್ಲ. ಆಗ ಎಲ್ಲ ಕಪ್ಪಾಗಿಯೇ ಕಾಣುತ್ತದೆ. ಒಂದು ರಾತ್ರಿ 1 ಗಂಟೆಗೆ ಮಗಳು ಹಾಲು ಕುಡಿದು ಮಲಗಿದ ಮೇಲೆ ಹತ್ತು ನಿಮಿಷ ಸುಮ್ನೆ ಗೋಡೆಗೆ ಒರಗಿ ಕೂತೆ. ಕಣ್ಣು ಹೊಂದಿಕೊಂಡಿತು. ಎದುರು ಬಾಗಿಲ ಹಿಂದೆ ನೇತು ಹಾಕಿದ ಕ್ಯಾಲೆಂಡರ್ ಕಂಡಿತು. ದಪ್ಪ ಅಂಕಿಗಳು ಮಾತ್ರ ಅಲ್ಲ, ನಾನೇ ಪೆನ್ಸಿಲಿನಲ್ಲಿ ಬರೆದ ಹಾಲಿನ ಲೆಕ್ಕವನ್ನೂ ಓದಬಹುದಿತ್ತು.

ಬೆಳಕು ಬರುತ್ತಿದ್ದದ್ದು ಬೀದಿ ದೀಪದಿಂದ. ಕಂಬದ ತಲೆ ನಮ್ಮ ಕಿಟಕಿಯ ಮಟ್ಟಕ್ಕೇ ಇದೆ. ಉದ್ದನೆಯ ಕೋಲು ಇದ್ದರೆ ಮುಟ್ಟಬಹುದು, ಅಷ್ಟು ಹತ್ತಿರ. ಮೊದಲು ಅಲ್ಲಿ ಹಳದಿ ಸೋಡಿಯಂ ದೀಪ ಇತ್ತಂತೆ. ದೇಶದ ಊರೂರಲ್ಲೂ ಹಳದಿ ಹೋಗಿ ಬಿಳಿ ಎಲ್‌ಇಡಿ ಬಂದಿದೆ, 2015ರಲ್ಲಿ ಕೇಂದ್ರ ಸರ್ಕಾರದ ಯೋಜನೆ ಶುರುವಾದ ಮೇಲಂತೂ ಬೇಗ ಬೇಗ. ಕರೆಂಟು ಉಳಿಯುತ್ತದೆ, ರಸ್ತೆ ಚೆನ್ನಾಗಿ ಕಾಣುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಅಂಶ ಜಾಸ್ತಿ. ನಮ್ಮ ಕಣ್ಣಿನ ಹಿಂಪದರದಲ್ಲಿ ನೋಡುವುದಕ್ಕಲ್ಲದೆ, ಹಗಲೋ ರಾತ್ರಿಯೋ ಅಂತ ಮಿದುಳಿಗೆ ವರದಿ ಕೊಡುವುದಕ್ಕೇ ಇರುವ ಜೀವಕೋಶಗಳಿವೆ. ಅವು ಹೆಚ್ಚು ಸ್ಪಂದಿಸುವುದು ನೀಲಿ ಬೆಳಕಿಗೆ. ಅವು "ಹಗಲು" ಅಂದರೆ ನಿದ್ದೆಯ ಹಾರ್ಮೋನ್ ಮೆಲಟೋನಿನ್ ಇಳಿಯುತ್ತದೆ. ಬೀದಿ ದೀಪಗಳು 3000 ಕೆಲ್ವಿನ್ ಮೀರದ ಬೆಚ್ಚನೆಯ ಬಣ್ಣದಲ್ಲಿರಲಿ, ಕಣ್ಣಿಗೆ ಕುಕ್ಕದ ಹಾಗೆ ಮರೆ ಇರಲಿ ಅಂತ ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿತ್ತು.

ಸಂಬಂಧಪಟ್ಟ ಕಚೇರಿಗೆ ಹೋಗಿ ಒಂದು ಮರೆ ಹಾಕಿಸಿ ಅಂತ ಅರ್ಜಿ ಕೊಟ್ಟೆ. ಸ್ವೀಕೃತಿ ಮುದ್ರೆ ಒತ್ತಿ ಕೊಟ್ಟರು. ಇವತ್ತಿಗೂ ಆ ಮುದ್ರೆಯೇ ಗತಿ. ಕೆಳಗಿನ ಮನೆ ಆಂಟಿಗೆ ವಿಷಯ ಗೊತ್ತಾಗಿ, "ಲೈಟ್ ಗೀಟ್ ತೆಗೆಸಿಬಿಟ್ಟೀಯಾ, ಸರಗಳ್ಳರು ಬರ್ತಾರೆ" ಅಂದರು. ಅವರ ಮಾತೂ ಸುಳ್ಳಲ್ಲ. ಅಲ್ಲಿಗೆ ಬೀದಿ ಕಡೆಯ ಪ್ರಯತ್ನ ಬಿಟ್ಟು ಕಿಟಕಿ ಕಡೆ ತಿರುಗಿದೆ.

ಆ ರಾತ್ರಿ ಕೂತು ನೋಡಿದಾಗ ಇನ್ನೂ ಕೆಲವು ಕಳ್ಳ ಬೆಳಕು ಸಿಕ್ಕವು. ಕಿಟಕಿಯ ಮೇಲೆ ಹಳೇ ಮನೆಗಳಲ್ಲಿ ಇರುವ ಗಾಜಿನ ವೆಂಟಿಲೇಟರ್. ಅದಕ್ಕೆ ಪರದೆಯೇ ಇಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಹಾಲ್‌ನ ಬೆಳಕು. ಸೊಳ್ಳೆ ಮಶೀನಿನ ಕೆಂಪು ಚುಕ್ಕಿ. ವೈಫೈ ಡಬ್ಬದ ನಾಲ್ಕು ಹಸಿರು ದೀಪ, ಅದರಲ್ಲಿ ಒಂದು ಮಿಣುಕು ಹುಳದ ಹಾಗೆ ಮಿಟುಕುತ್ತಲೇ ಇರುತ್ತದೆ. ವೈಫೈ ಡಬ್ಬಕ್ಕೆ ಮರುದಿನವೇ ಕಪ್ಪು ಇನ್ಸುಲೇಷನ್ ಟೇಪ್ ತುಂಡು ಅಂಟಿಸಿದೆ. ಸೊಳ್ಳೆ ಮಶೀನಿಗೆ ಏನೂ ಮಾಡಲಿಲ್ಲ. ಬಿಸಿಯಾಗುವ ವಸ್ತುವಿಗೆ ಟೇಪ್ ಹಚ್ಚಬಾರದು. ಅದನ್ನು ಮಂಚದ ಮರೆಗಿರುವ ಪ್ಲಗ್ಗಿಗೆ ಹಾಕಿದೆ, ಅಷ್ಟೇ.

ಬಟ್ಟೆಗಿಂತ ಅಂಚು

ಮೊದಲು ಆನ್‌ಲೈನ್‌ನಲ್ಲಿ ರೆಡಿಮೇಡ್ ಬ್ಲ್ಯಾಕೌಟ್ ಪರದೆ ತರಿಸಿದೆ. ಜೋಡಿಗೆ 1,400 ರೂಪಾಯಿ. ಮೇಲೆ ಸ್ಟೀಲ್ ರಿಂಗ್ ಇರುವ ಥರದ್ದು. ಬಟ್ಟೆ ನಿಜಕ್ಕೂ ದಪ್ಪ, ಮೊಬೈಲ್ ಟಾರ್ಚ್ ಹಿಂದೆ ಹಿಡಿದರೆ ಏನೂ ಕಾಣುವುದಿಲ್ಲ. ಆದರೆ ನೇತು ಹಾಕಿದ ರಾತ್ರಿ ನೋಡಿದರೆ ಗೋಡೆಯ ಮೇಲೆ ಬೆಳಕಿನ ದೊಡ್ಡ ಚೌಕಟ್ಟು. ರಾಡ್ ಗೋಡೆಯಿಂದ ನಾಲ್ಕು ಇಂಚು ಮುಂದಿದೆ. ಎರಡು ಪಕ್ಕದಿಂದಲೂ ಬೆಳಕು ಒಳಗೆ ಬಂತು. ರಿಂಗ್ ಪರದೆ ಅಲೆ ಅಲೆಯಾಗಿ ನಿಲ್ಲುವುದರಿಂದ ಮೇಲೆ ಒಂದೊಂದು ಮಡಿಕೆಗೂ ಒಂದೊಂದು ಬಾಯಿ. ಅದರ ಮೂಲಕ ಚಾವಣಿಗೆ ಬಿದ್ದ ಬೆಳಕು ಕೋಣೆಗೆಲ್ಲ ಹರಡಿತು. ಮಧ್ಯದಲ್ಲಿ ಎರಡು ಪರದೆ ಸೇರುವ ಕಡೆ ಬೆಳ್ಳನೆಯ ಗೆರೆ. ಆ ಗೆರೆ ಸರಿಯಾಗಿ ಮಗಳ ದಿಂಬಿನ ಮೇಲೆ. ಕ್ಯಾಲೆಂಡರ್ ಹಾಳೆಯ ಪ್ರಕಾರ ಆ ವಾರ ಅವಳು ಎದ್ದದ್ದು 5.30, 5.25, 5.35. ಅಷ್ಟು ದುಡ್ಡಿಗೆ ಹತ್ತು ನಿಮಿಷ ಕೊಂಡ ಹಾಗಾಯಿತು.

ಆಮೇಲೆ ಅಲ್ಯುಮಿನಿಯಂ ಫಾಯಿಲ್. ಗಾಜಿಗೆ ನೀರು ಚಿಮುಕಿಸಿ ಅಂಟಿಸಿದರೆ ನಿಲ್ಲುತ್ತದೆ ಅಂತ ಯಾರೋ ಹೇಳಿದ್ದರು. ನಿಂತಿತು. ಕತ್ತಲೂ ಆಯಿತು. ಆದರೆ ಅದು ಕೆಲಸ ಮಾಡುವುದು ಕಿಟಕಿ ಮುಚ್ಚಿದರೆ ಮಾತ್ರ. ಮೇ ತಿಂಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು ಜನ ಮಲಗಿ ನೋಡಿ. ರಾತ್ರಿ 12ಕ್ಕೆ ಮಗಳ ಕುತ್ತಿಗೆ ಬೆವರಿ ಒದ್ದೆ. ಸೆಕೆಗೆ ಎದ್ದಳು. ಪುಟ್ಟ ಮಕ್ಕಳಿಗೆ ಅತಿಯಾದ ಬಿಸಿ ಅಪಾಯ, ಕತ್ತಲೆಯ ಆಸೆಗೆ ಗಾಳಿ ನಿಲ್ಲಿಸಬಾರದು ಅಂತ ಡಾಕ್ಟರೂ ಹೇಳಿದ್ದರು. ತೊಟ್ಟಿಲ ಮೇಲೆ ಸೀರೆ ಹೊದಿಸಿ ಕತ್ತಲು ಮಾಡುವುದನ್ನಂತೂ ಖಡಾಖಂಡಿತ ಬೇಡ ಅಂದರು. ಮರುದಿನ ಮನೆ ಓನರ್ ಕೆಳಗಿನಿಂದ ಮಿರಮಿರ ಮಿಂಚುವ ಕಿಟಕಿ ನೋಡಿ, "ಏನಮ್ಮಾ ಇದು, ಮಿಲ್ಟ್ರಿ ಕ್ಯಾಂಪಾ?" ಅಂದರು. ಕಿತ್ತು ಹಾಕಿದೆ.

ಕೊನೆಗೆ ದಾರಿ ತೋರಿಸಿದ್ದು ಬೀದಿ ಮೂಲೆಯ ಟೈಲರ್. ಸೀರೆಗೆ ಫಾಲ್, ಜಿಗ್‌ಜಾಗ್ ಹಾಕುವ ಪುಟ್ಟ ಅಂಗಡಿ ಅವರದ್ದು. ಪರದೆ ಬಟ್ಟೆ ತೋರಿಸಿದೆ. ಬಟ್ಟೆಯನ್ನು ಅಂಗಡಿಯ ಬಲ್ಬಿಗೆ ಎತ್ತಿ ಹಿಡಿದು, "ಇಲ್ನೋಡಿ ಮೇಡಂ" ಅಂದರು. ಬಟ್ಟೆಯ ಮೈ ಪೂರ್ತಿ ಕಪ್ಪು. ಆದರೆ ಹೊಲಿಗೆ ಸಾಲಿನ ಉದ್ದಕ್ಕೂ ಸೂಜಿ ಚುಚ್ಚಿದ ಕಡೆಯೆಲ್ಲ ಬೆಳಕಿನ ಚುಕ್ಕಿ. ಒಂದಾದ ಮೇಲೊಂದು, ಅಳತೆ ಹಿಡಿದು ಇಟ್ಟ ನಕ್ಷತ್ರದ ಹಾಗೆ. "ಕೋಟಿಂಗ್ ಬಟ್ಟೆ ಅಲ್ವಾ, ಒಂದ್ಸಲ ತೂತು ಬಿದ್ರೆ ಮುಚ್ಕೊಳ್ಳಲ್ಲ. ಹೊಲಿಗೆ ಮೇಲೆ ಪಟ್ಟಿ ಕೊಡ್ತೀನಿ. ಆದ್ರೆ ನಿಮ್ ಸಮಸ್ಯೆ ಹೊಲಿಗೆ ಅಲ್ಲ. ಪರದೆ ಅಂದ್ರೆ ನೇತಾಕೋದು ಅನ್ಕೊಂಡಿದೀರ. ನಿಮಗೆ ಬೇಕಿರೋದು ಮುಚ್ಚಳ."

ಆ ಮಾತು ಸರಿಯಾಗಿತ್ತು. ಅವರೇ ಮನೆಗೆ ಬಂದು ಟೇಪ್ ಹಿಡಿದರು. ರಿಂಗ್ ಇರುವ ಮೇಲಿನ ಪಟ್ಟಿ ಕತ್ತರಿಸಿ ಎರಡು ಪರದೆಯನ್ನೂ ಸೇರಿಸಿ ಒಂದೇ ಹಾಸು ಮಾಡಿದರು, ಮಧ್ಯದ ಗೆರೆ ಹೋಯಿತು. ವೆಂಟಿಲೇಟರೂ ಸೇರಿ ಮುಚ್ಚುವಷ್ಟು ಎತ್ತರ ಬೇಕಿತ್ತು, ಅದಕ್ಕೆ ಬಟ್ಟೆ ಜೋಡಿಸಿದರು. ಬಾಡಿಗೆ ಮನೆ, ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ. ಗೋಡೆಯ ಡಿಸ್ಟೆಂಪರ್ ಮೇಲೆ ಅಂಟು ಪಟ್ಟಿ ಹಚ್ಚಿದರೆ ಬಣ್ಣ ಸಮೇತ ಕಿತ್ತು ಬರುತ್ತದೆ. ಕಿಟಕಿಯ ಮರದ ಚೌಕಟ್ಟಿಗೆ ಎನಾಮಲ್ ಪೇಂಟ್ ಇತ್ತು, ಅದರ ಮೇಲೆ ವೆಲ್ಕ್ರೋ ಗಟ್ಟಿಯಾಗಿ ಕೂತಿತು. ಮೇಲೆ ಪೂರ್ತಿ, ಎರಡು ಪಕ್ಕ ಪೂರ್ತಿ. ಕೆಳಗೆ ಮಾತ್ರ ಬಿಟ್ಟರು. ಬಟ್ಟೆ ಕಿಟಕಿಯ ಕಟ್ಟೆಯಿಂದ ಒಂದಡಿ ಕೆಳಗೆ ಸಡಿಲವಾಗಿ ಇಳಿಯಿತು. ಸೊಳ್ಳೆ ಜಾಲರಿ ಹಾಗೇ ಇತ್ತು, ಕಿಟಕಿ ಬಾಗಿಲು ತೆರೆದೇ ಇತ್ತು. ಗಾಳಿ ಕೆಳಗಿನಿಂದ ಬರುತ್ತದೆ, ಫ್ಯಾನು ಎಳೆದುಕೊಳ್ಳುತ್ತದೆ. ಕೆಳಗಿನಿಂದ ನುಸುಳುವ ಬೆಳಕು ನೆಲಕ್ಕೆ ಬೀಳುತ್ತದೆ, ಹಾಸಿಗೆಯವರೆಗೆ ಏರುವುದಿಲ್ಲ. ಬಟ್ಟೆ, ಕೂಲಿ, ವೆಲ್ಕ್ರೋ ಸೇರಿ 900 ರೂಪಾಯಿ ತೆಗೆದುಕೊಂಡರು.

ವೆಲ್ಕ್ರೋದಿಂದ ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಹಳೇ ಪರದೆ ಇದ್ದಾಗ ಒಂದು ಮಧ್ಯಾಹ್ನ ಮಗಳು ಅದನ್ನು ಹಿಡಿದು ಜೋಲಾಡಿ, ರಾಡಿನ ಒಂದು ಬ್ರಾಕೆಟ್ ಗೋಡೆಯಿಂದ ಕಿತ್ತು ಬಂದಿತ್ತು. ಸ್ವಲ್ಪದರಲ್ಲಿ ತಪ್ಪಿತು. ಈಗ ಎಳೆದರೆ ವೆಲ್ಕ್ರೋ ಬಿಡುತ್ತದೆ, ತಲೆ ಮೇಲೆ ಬೀಳುವಂಥದ್ದು ಏನೂ ಇಲ್ಲ. ಆದರೂ ಅವಳ ಹಾಸಿಗೆಯನ್ನು ಕಿಟಕಿಯಿಂದ ಮೂರಡಿ ದೂರ ಸರಿಸಿದೆವು. ಹಗ್ಗ ಎಳೆದು ಮೇಲೆತ್ತುವ ಬ್ಲೈಂಡ್ಸ್ ಬೇಡವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆವು. ಆ ಹಗ್ಗ ಪುಟ್ಟ ಮಕ್ಕಳ ಕುತ್ತಿಗೆಗೆ ಸುತ್ತಿಕೊಂಡು ಜೀವ ಹೋದ ಪ್ರಕರಣಗಳು ಬೇರೆ ದೇಶಗಳಲ್ಲಿ ಎಷ್ಟೋ ಆಗಿವೆ.

ಅವತ್ತು ರಾತ್ರಿ 1ಕ್ಕೆ ಮತ್ತೆ ಕೂತು ನೋಡಿದೆ. ಕ್ಯಾಲೆಂಡರ್ ಇಲ್ಲ. ಗೋಡೆಯೇ ಇಲ್ಲ. ನನ್ನ ಕೈ ಮುಖದ ಮುಂದೆ ಹಿಡಿದರೆ ಇದೆ ಅನ್ನಿಸುವುದು, ಕಾಣುವುದಿಲ್ಲ. ಖುಷಿಯಿಂದ ಎದ್ದವಳು ಮರದ ಗಾಡಿ ಮೇಲೆ ಕಾಲಿಟ್ಟೆ. ಮಗಳು ಎದ್ದಳು. ಏನೂ ಕಾಣದೆ ಕಿರುಚಿದಳು. ಹಾಲ್‌ನಿಂದ ಅತ್ತೆಯೂ ಎದ್ದು ಬಂದರು.

"ಮಗು ಮಲ್ಗೋ ಕೋಣೇಲಿ ಒಂದು ದೀಪ ಇರ್ಬೇಕಮ್ಮ. ಇದೇನಿದು, ಗವಿ ಮಾಡಿಟ್ಟಿದೀಯ."

ನನಗೂ ಸಿಟ್ಟು ಬಂದಿತ್ತು. ಆದರೆ ಆ ರಾತ್ರಿಯ ಪರಿಹಾರ ಅವರದ್ದೇ. ಮರುದಿನ ಅಂಗಡಿಯಿಂದ ಕೆಂಪು ಜೀರೋ ಬಲ್ಬ್ ತರಿಸಿದರು. ಅವರ ಮನೆಯಲ್ಲಿ ದೇವರ ಕೋಣೆಗೆ ಹಾಕುವಂಥದ್ದು. ಬೀರುವಿನ ಹಿಂದೆ, ನೆಲದ ಮಟ್ಟಕ್ಕೆ ಇಟ್ಟೆವು. ಕೆಂಪು ಬೆಳಕು ಮೆಲಟೋನಿನ್‌ಗೆ ಅಷ್ಟಾಗಿ ಅಡ್ಡಿ ಮಾಡುವುದಿಲ್ಲ. ಹಾಲು ಕುಡಿಸುವಾಗ, ಡೈಪರ್ ಬದಲಿಸುವಾಗ ಹಾಕಿ, ಮತ್ತೆ ಆರಿಸುವುದು. ಬಾಟಲಿ ಹುಡುಕಲು ಮೊಬೈಲ್ ಟಾರ್ಚ್ ಹಾಕುವುದು ನಿಂತಿತು.

ಇವರ ಮೊಬೈಲ್ ಮಾತ್ರ ಉಳಿದಿತ್ತು. ಬೆಳಗಿನ ಜಾವ ಬಂದು ಹಾಸಿಗೆಯಲ್ಲಿ ಹತ್ತು ನಿಮಿಷ ನೋಡುವ ಚಟ. ಅರೆಗತ್ತಲಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಪೂರ್ತಿ ಕತ್ತಲಾದ ಮೇಲೆ ಇಡೀ ಕೋಣೆ ನೀಲಿ ನೀಲಿ. ಚಾರ್ಜರನ್ನು ಹಾಲ್‌ಗೆ ಸಾಗಿಸಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೇ ದಿನದಿಂದ ಬಂದವರೇ ಬಿದ್ದುಕೊಳ್ಳುತ್ತಿದ್ದರು.

ಸಂಜೆಯ ಸೀರಿಯಲ್

ಪರದೆ ಹಾಕಿದ ಮೊದಲ ವಾರ ಏಳುವ ಹೊತ್ತು ಮುಂದೆ ಹೋಯಿತು: 5.50, 6.05, 6.00, 6.15. ಮಲಗುವ ಹೊತ್ತು ಅಲ್ಲೇ ಇತ್ತು, 9.45. ಕೋಣೆ ಎಷ್ಟೇ ಕತ್ತಲಿದ್ದರೂ ಹಾಸಿಗೆಯಲ್ಲಿ ಹಾಕಿದರೆ ಮೀನಿನ ಹಾಗೆ ಹೊರಳಾಟ. ನಾನು ಪರದೆಯನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಹಾಲ್‌ನಲ್ಲಿತ್ತು.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ 36 ಮಕ್ಕಳಿಗೆ ಮಲಗುವ ಮುಂಚಿನ ಒಂದು ಗಂಟೆ ಬೇರೆ ಬೇರೆ ಪ್ರಮಾಣದ ಬೆಳಕು ತೋರಿಸಿ ಜೊಲ್ಲಿನಲ್ಲಿ ಮೆಲಟೋನಿನ್ ಅಳೆದಿದ್ದರು. 2022ರಲ್ಲಿ ಪ್ರಕಟವಾದ ಅಧ್ಯಯನ. 5ರಿಂದ 40 ಲಕ್ಸ್, ಅಂದರೆ ನಮ್ಮ ಮನೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಮಂದವಾದ ಬೆಳಕಿಗೂ, ಮೆಲಟೋನಿನ್ ಸರಾಸರಿ ಶೇ 78ರಷ್ಟು ಕುಸಿದಿತ್ತು. ದೀಪ ಆರಿಸಿ 50 ನಿಮಿಷ ಕಳೆದರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅದು ಮೇಲೆದ್ದಿರಲಿಲ್ಲ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿ. ನಮಗಿಂತ ಜಾಸ್ತಿ ಬೆಳಕು ಒಳಗೆ ಹೋಗುತ್ತದೆ. ಅವು ದೊಡ್ಡ ಮಕ್ಕಳು, ನಮ್ಮವಳಿಗೆ 14 ತಿಂಗಳು, ಆ ಅಂಕಿಯನ್ನು ಹಾಗೇ ತಂದು ಇವಳಿಗೆ ಹಚ್ಚಲು ಬರುವುದಿಲ್ಲ. ಆದರೆ ದಿಕ್ಕು ಗೊತ್ತಾಯಿತು. ನಮ್ಮ ಹಾಲ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಉದ್ದನೆಯ ಬಿಳಿ ಎಲ್‌ಇಡಿ ಟ್ಯೂಬು, ಅದರ ಜೊತೆ ಟೀವಿ.

ಟೀವಿ ಅಂದರೆ ಅತ್ತೆಯ ಸೀರಿಯಲ್. ಹೇಗೆ ಹೇಳುವುದು? ಟ್ಯೂಬ್ ಆರಿಸಿ ಹಳದಿ ಬಲ್ಬ್ ಹಾಕೋಣ, ಎಂಟರ ಮೇಲೆ ಟೀವಿ ಬೇಡ ಅಂತ ಮೆಲ್ಲಗೆ ಶುರು ಮಾಡಿದೆ.

"ನಾನ್ ಸೀರಿಯಲ್ ನೋಡಿದ್ರೆ ಮಗು ನಿದ್ದೆ ಕೆಡತ್ತಾ? ನಾನೂ ಮೂರ್ ಮಕ್ಕಳನ್ನ ಸಾಕಿಲ್ವಾ?"

"ಹಾಗಲ್ಲ ಅತ್ತೆ. ನಿಮ್ಮ ಮಕ್ಕಳು ಎಷ್ಟು ಹೊತ್ತಿಗೆ ಮಲಗ್ತಿದ್ರು?"

"ಏಳೂವರೆಗೆಲ್ಲ ಮಲಗಿಬಿಡೋರು. ಸಂಜೆ ಕರೆಂಟ್ ಎಲ್ಲಿರ್ತಿತ್ತು ನಮ್ಮೂರಲ್ಲಿ? ಒಂದ್ ಲಾಂದ್ರ, ಅದೂ ಅಡುಗೆಮನೇಲಿ. ಉಂಡು ನನ್ ಮಡಿಲಲ್ಲೇ..."

ಮಾತು ಅಲ್ಲಿಗೆ ನಿಂತಿತು. ಅವರೇ ಒಂದು ಸಲ ಟ್ಯೂಬ್‌ಲೈಟ್ ನೋಡಿದರು. ನಾನೇನೂ ಹೇಳಲಿಲ್ಲ. ಮರುದಿನದಿಂದ ಅವರು ಸೀರಿಯಲ್ಲಿನ ಮಧ್ಯಾಹ್ನದ ಮರುಪ್ರಸಾರ ನೋಡತೊಡಗಿದರು. ಶುಕ್ರವಾರದ ಕಂತು ಮಾತ್ರ ಬಿಡಲಾಗುವುದಿಲ್ಲ ಅಂದರು. ಆಗಲಿ ಅಂದೆ. ಏಳೂಮುಕ್ಕಾಲಿಗೆ ಟ್ಯೂಬ್ ಆರುತ್ತದೆ, ಮೂಲೆಯಲ್ಲಿ ಒಂದು ಹಳದಿ ಬಲ್ಬ್, ಅಷ್ಟರಲ್ಲೇ ಅವಳಿಗೆ ಊಟ. ಹತ್ತು ದಿನದಲ್ಲಿ ಮಲಗುವ ಹೊತ್ತು 8.40ಕ್ಕೆ ಬಂತು. ಶುಕ್ರವಾರ 9.15.

ಬೆಳಿಗ್ಗೆಯ ಪಾಠ ಒಂದು ಭಾನುವಾರ ಸಿಕ್ಕಿತು. ಎಲ್ಲರೂ ಕತ್ತಲಲ್ಲಿ ಎಂಟೂವರೆಯವರೆಗೆ ಮಲಗಿದೆವು. ಸ್ವರ್ಗ. ಆದರೆ ಅವಳ ಹಗಲು ನಿದ್ದೆ ಸಂಜೆ 4ಕ್ಕೆ ಹೋಯಿತು, ರಾತ್ರಿ ನಿದ್ದೆ 11ಕ್ಕೆ. ಸರಿಹೋಗಲು ಬುಧವಾರ ಆಯಿತು. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ್ದ. ಬಿಸಿಲೇ ಇಲ್ಲದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ಬಿಚ್ಚುತ್ತಿತ್ತು, ಮಡಚುತ್ತಿತ್ತು. ಗಡಿಯಾರ ಒಳಗೇ ಇದೆ. ಅದನ್ನು ದಿನಾ ಸರಿಯಾದ ಹೊತ್ತಿಗೆ ತಿರುಗಿಸಿಡುವುದು ಮಾತ್ರ ಹೊರಗಿನ ಬೆಳಕು. ಆವತ್ತಿನಿಂದ 6.45ಕ್ಕೆ ಏನಾದರೂ ಆಗಲಿ, ಅವಳನ್ನು ಎತ್ತಿಕೊಂಡು ಟೆರೇಸಿಗೆ. ಅರ್ಧ ಗಂಟೆ ಪಾರಿವಾಳ, ನೀರಿನ ಟ್ಯಾಂಕು, ಎದುರು ಮನೆಯ ನಾಯಿ. ಅಷ್ಟು ಹೊತ್ತು ಇವರಿಗೆ ಕೋಣೆ ಪೂರ್ತಿ ಕತ್ತಲು.

ಅತ್ತೆ ಇದನ್ನು ಮೆಚ್ಚಿದರು. ಬಾಣಂತಿ ಕೋಣೆ ಅಂತ ಕಿಟಕಿ ಮುಚ್ಚಿ ತಿಂಗಳುಗಟ್ಟಲೆ ಕೂಡಿಡುತ್ತಿದ್ದದ್ದು ಅವರಿಗೆ ಆಗಲೂ ಇಷ್ಟವಿರಲಿಲ್ಲವಂತೆ. ಆ ವಿಷಯದಲ್ಲಿ ನನ್ನದೂ ಒಂದು ಮಾತು. ಹುಟ್ಟಿದ ಮೊದಲ ದಿನಗಳಲ್ಲಿ ಹಗಲೂ ಕತ್ತಲು ಮಾಡಬೇಡಿ. ಕೂಸಿಗೆ ಕಾಮಾಲೆ ಬಂದರೆ ಚರ್ಮದ ಹಳದಿ ಗೊತ್ತಾಗುವುದು ಹಗಲು ಬೆಳಕಿನಲ್ಲೇ. ಅಲ್ಲದೆ ಮೊದಲ ಎರಡು ಮೂರು ತಿಂಗಳು ಮಗುವಿನ ಸ್ವಂತ ಮೆಲಟೋನಿನ್ ಲಯವೇ ಕೂತಿರುವುದಿಲ್ಲ. ಆಗ ಪರದೆಗೆ ದುಡ್ಡು ಹಾಕಿ ಪವಾಡ ಕಾಯಬೇಡಿ.

ಲೆಕ್ಕ ಏನು ಹೇಳುತ್ತದೆ

ಜೂನ್ ಎರಡನೇ ವಾರದ ಹೊತ್ತಿಗೆ ಅವಳು ಮಲಗುತ್ತಿದ್ದದ್ದು 8.40ಕ್ಕೆ, ಏಳುತ್ತಿದ್ದದ್ದು 6.25ರ ಆಸುಪಾಸು. ಹಗಲು ನಿದ್ದೆ ಒಂದೂಮುಕ್ಕಾಲು ಗಂಟೆ. ಒಟ್ಟು ಹನ್ನೊಂದೂವರೆ. ಇವರು ನಾಲ್ಕೂವರೆ ಗಂಟೆ ಮಲಗುತ್ತಿದ್ದವರು ಈಗ ಆರು, ಆರೂವರೆ. ನನ್ನದು ಬರೆದಿಟ್ಟಿಲ್ಲ. ಹಾಲು ಮತ್ತೆ ಸೀದಿಲ್ಲ.

ಇದೆಲ್ಲ ಪರದೆಯ ಪುಣ್ಯ ಅಂತ ಹೇಳಿದರೆ ಲೆಕ್ಕ ತಿದ್ದಿದ ಹಾಗಾಗುತ್ತದೆ. ಅದೇ ಹೊತ್ತಿಗೆ ಮಳೆ ಶುರುವಾಯಿತು. ಬೆಳಿಗ್ಗೆ ಮೋಡ, ಕೋಣೆ ತಂಪು. ಮೇ ಕೊನೆಗೆ ಅವಳ ದವಡೆ ಹಲ್ಲೊಂದು ಹೊರಗೆ ಬಂದು ನೋವು ಇಳಿದಿತ್ತು. ಟ್ಯೂಬ್‌ಲೈಟ್, ಟೆರೇಸು, ಪರದೆ ಮೂರೂ ಒಂದೇ ತಿಂಗಳಲ್ಲಿ ಬದಲಾಗಿದ್ದವು. ಯಾವುದರ ಪಾಲು ಎಷ್ಟು?

ಗೊತ್ತಿಲ್ಲದೆಯೇ ಒಂದು ಪರೀಕ್ಷೆ ಆಯಿತು. ಜುಲೈನಲ್ಲಿ ಪರದೆಯ ಮೇಲೆ ಬಾಳೆಹಣ್ಣು ಮೆತ್ತಿದ್ದಳು. ವಾಷಿಂಗ್ ಮಶೀನಿಗೆ ಹಾಕಿಬಿಟ್ಟೆ. ಮಳೆಗೆ ಒಣಗಲು ಎರಡು ರಾತ್ರಿ ಬೇಕಾಯಿತು. ಆ ಎರಡು ಬೆಳಿಗ್ಗೆ ಅವಳು ಎದ್ದದ್ದು 5.40 ಮತ್ತು 5.35ಕ್ಕೆ. ಮೋಡ ಇತ್ತು, ತಂಪಿತ್ತು, ಹಲ್ಲು ಬರುತ್ತಿರಲಿಲ್ಲ, ಸಂಜೆಯ ದೀಪವೂ ಮಂದವೇ ಇತ್ತು. ಪರದೆ ಮಾತ್ರ ಇರಲಿಲ್ಲ. ಮತ್ತೆ ಹಾಕಿದ ಮರುದಿನ 6.20. ಬರೀ ಎರಡೇ ರಾತ್ರಿಯ ಲೆಕ್ಕ ನಿಜ, ಆದರೆ ನನಗೆ ಅಷ್ಟು ಸಾಕಾಯಿತು. ಮಶೀನಿಗೆ ಹಾಕಿದ್ದಕ್ಕೆ ಕೋಟಿಂಗ್ ಅಲ್ಲಲ್ಲಿ ಬಿರಿದು ಬಟ್ಟೆಯ ಮೈಯಲ್ಲೂ ನಕ್ಷತ್ರ ಮೂಡಿದವು. "ಒದ್ದೆ ಬಟ್ಟೇಲಿ ಒರೆಸ್ಬೇಕು ಅಂತ ಹೇಳಿದ್ನಲ್ಲ ಮೇಡಂ" ಅಂತ ಟೈಲರ್ ತಲೆ ಚಚ್ಚಿಕೊಂಡರು.

ಕತ್ತಲೆಗೆ ಬಗ್ಗದ್ದೂ ಇದೆ. ದೇವಸ್ಥಾನದ ಮೈಕು, ಕೆಳಗಿನ ಮನೆಯ ಸಂಪ್ ಮೋಟರು, ಹಾಲಿನ ವ್ಯಾನಿನ ಕ್ರೇಟುಗಳು. ಕಾರ್ತಿಕ ಸೋಮವಾರಗಳಲ್ಲಿ ಮೈಕು ಐದಕ್ಕೇ ಶುರು, ಅವತ್ತು ಅವಳೂ ಐದಕ್ಕೇ. ಫ್ಯಾನಿನ ಸದ್ದು ಸ್ವಲ್ಪ ಮುಚ್ಚುತ್ತದೆ, ಅಷ್ಟೇ.

ಇಷ್ಟು ಕತ್ತಲು ಅಭ್ಯಾಸ ಮಾಡಿಸಿದರೆ ಬೇರೆ ಕಡೆ ಮಲಗುತ್ತಾಳಾ ಅನ್ನುವ ಚಿಂತೆ ನನಗಿತ್ತು. ನವೆಂಬರಿನಲ್ಲಿ ತಿಪಟೂರಿನಲ್ಲಿ ಒಂದು ಮದುವೆ. ಛತ್ರದ ಹಾಲ್‌ನಲ್ಲಿ ನೂರು ಟ್ಯೂಬ್‌ಲೈಟು, ಪಕ್ಕದಲ್ಲೇ ಓಲಗ. ನಮ್ಮ ರಾಣಿ ಅತ್ತೆಯ ಮಡಿಲಲ್ಲಿ ಬಾಯಿ ತೆರೆದು ಎರಡು ಗಂಟೆ ಮಲಗಿದಳು. ಅತ್ತೆ ನನ್ನ ಕಡೆ ನೋಡಿದ ನೋಟ ಹೇಗಿತ್ತು ಅಂತ ಬರೆಯುವುದು ಬೇಡ.

ಈಗ ಅವಳಿಗೆ ಎರಡು ತುಂಬಿದೆ. ಬೆಳಿಗ್ಗೆ ಎದ್ದವಳೇ ಅಪ್ಪನನ್ನು ದಾಟಿ ಇಳಿದು, ಕಿಟಕಿಯ ಹತ್ತಿರ ಹೋಗಿ, ಪರದೆಯ ಅಂಚು ಎರಡು ಕೈಯಲ್ಲಿ ಹಿಡಿದು ಎಳೆಯುತ್ತಾಳೆ. ವೆಲ್ಕ್ರೋ ಬಿಡುವಾಗ ಚರ್ರ್ ಅಂತ ಬರುವ ಸದ್ದು ಅವಳಿಗೆ ಬಹಳ ಇಷ್ಟ. ಮೇಲಿನಿಂದ ಕೆಳಗೆ, ಪೂರ್ತಿ. ಆ ಸದ್ದಿಗೆ ಇವರು ಹಾಸಿಗೆಯಲ್ಲಿ ಎದ್ದು ಕೂರುತ್ತಾರೆ. ಟೈಲರ್ ಹತ್ತಿರ ಹೇಳಿದ್ದೇನೆ. ಮುಂದಿನ ವಾರ ಬಂದು ವೆಲ್ಕ್ರೋ ತೆಗೆದು ಟಿಚ್ ಬಟನ್ ಹಾಕಿಕೊಡುತ್ತಾರಂತೆ.